ಬರ್ಕೊಂಡು ಬಂದ್ವಿ. ಆಮೇಲೆ?

ಫೀಲ್ಡ್ ಡೈರಿ • 1/8

ಫೋಟೊದಲ್ಲಿರೋದು ನನ್ನ ಚಪ್ಪಲಿ, ನನ್ನ ರಿಜಿಸ್ಟರ್, ಒಂದು ಮನೆಯ ಹೊಸ್ತಿಲು. ಮನುಷ್ಯರ ಮುಖ ಬೇಕಂತಲೇ ಹಾಕಿಲ್ಲ. ಅದರ ಬಗ್ಗೆ ಕೊನೇಲಿ ಜಗಳ ಆಡೋಣ.

ಮುಂದಿನ ಸೋಮವಾರದಿಂದ ಜೂನಿಯರ್ಸ್‌ಗೆ ಕಮ್ಯುನಿಟಿ ಪೋಸ್ಟಿಂಗ್. ಎರಡು ದಿನದಿಂದ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ: "ಅಕ್ಕಾ, ನಿಮ್ಮ ಸರ್ವೆ ಫೈಲ್ ಕಳಿಸ್ತೀರಾ? ಫಾರ್ಮ್ಯಾಟ್ ನೋಡ್ಬೇಕಿತ್ತು."

ಕಳಿಸ್ತೀನಿ ಕಣ್ರೋ. ಆದರೆ ಅದಕ್ಕೆ ಮುಂಚೆ ಇದನ್ನ ಓದಿ. ಆ ಫೈಲಿಗೆ ಒಳ್ಳೆ ಮಾರ್ಕ್ಸ್ ಬಂದಿದೆ. ಬಾರ್ ಡಯಾಗ್ರಾಂಗೆ ಮೂರು ಬಣ್ಣ, ಬಟರ್ ಪೇಪರ್, ಸ್ಪೈರಲ್ ಬೈಂಡಿಂಗ್, ಎಲ್ಲಾ ಇದೆ. ಅದರ 23ನೇ ಮನೆಯ ಹಾಳೆ ತೆಗೆದಾಗ ಮಾತ್ರ ಇವತ್ತಿಗೂ ನನ್ನ ಹೊಟ್ಟೆ ಕಿವುಚುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಒಪ್ಪದಿರೋರು ಇಲ್ಲೇ ಸ್ಕ್ರಾಲ್ ಮಾಡ್ಕೊಂಡು ಹೋಗಬಹುದು. ನಾವು ಪೋಸ್ಟಿಂಗ್‌ನಲ್ಲಿ ಮಾಡೋದು ಸಮುದಾಯದ ಆರೋಗ್ಯ ಅಗತ್ಯಗಳ ಸಮೀಕ್ಷೆ ಅಲ್ಲ. ಜನರ ಹತ್ರ ಮಾಹಿತಿ ಇಸ್ಕೊಂಡು ವಾಪಸ್ ಏನೂ ಕೊಡದೆ ಬರೋದು. ಇದಕ್ಕೆ ಕಾಲೇಜನ್ನ ಮಾತ್ರ ಬೈಯಲ್ಲ. ನಾನೂ ಅದನ್ನೇ ಮಾಡಿದೀನಿ.

2/8

ಊರಿನ ಹೆಸರು ಹಾಕಲ್ಲ. ತುಮಕೂರು ಜಿಲ್ಲೆ, ಪಾವಗಡದ ಕಡೆಯ ಒಣ ಸೀಮೆ ಅಂದ್ಕೊಳ್ಳಿ. ಕಡ್ಲೆಕಾಯಿ ಕೀಳೋ ಕಾಲ. ಒಬ್ಬೊಬ್ಬರಿಗೆ 40 ಮನೆ. 23ನೇ ಮನೆಯಲ್ಲಿ ಒಬ್ಬ ಅಮ್ಮ ಇದ್ದರು, ಐವತ್ತರ ಆಸುಪಾಸು. ಅವತ್ತು ಕೂಲಿಗೆ ಹೋಗಿರಲಿಲ್ಲ, "ಯಾಕೋ ಮೈ ಭಾರ ಕಣವ್ವ" ಅಂದರು. ಬಿಪಿ ನೋಡಿದೆ. 172/104. ಐದು ನಿಮಿಷ ಬಿಟ್ಟು ಮತ್ತೆ ನೋಡಿದೆ, ಹೆಚ್ಚುಕಮ್ಮಿ ಅಷ್ಟೇ.

"ತಲೆ ಸುತ್ತುತ್ತಾ ಅಮ್ಮಾ?"

"ಈ ಬಿಸಿಲಿಗೆ ಯಾರಿಗೆ ಸುತ್ತಲ್ಲ?"

ಮಾತ್ರೆ ತಗೋತೀರಾ ಅಂದೆ. ಒಂದು ವರ್ಷದ ಹಿಂದೆ ಕೊಟ್ಟಿದ್ದರಂತೆ. ಖಾಲಿ ಆದಮೇಲೆ ತರೋಕೆ ಹೋಗಿಲ್ಲ. ಉಪಕೇಂದ್ರ ತೆಗೆಯೋ ಹೊತ್ತಿಗೆ ಇವರು ಹೊಲದಲ್ಲಿ. ಇವರು ವಾಪಸ್ ಬರೋ ಹೊತ್ತಿಗೆ ಅಲ್ಲಿ ಬೀಗ. ತಲೆ ಜಾಸ್ತಿ ನೋವಾದರೆ ಅಂಗಡಿಯಲ್ಲಿ ಬಿಡಿ ಮಾತ್ರೆ ಸಿಗುತ್ತೆ, ಅದು ನುಂಗ್ತಾರೆ.

ನಾನು ಎಲ್ಲಾ ಬರ್ಕೊಂಡೆ. ನೀಟಾಗಿ. "ಉಪ್ಪು ಕಮ್ಮಿ ಮಾಡಿ, ಪಿಎಚ್‌ಸಿಗೆ ಹೋಗಿ ತೋರಿಸ್ಕೊಳ್ಳಿ" ಅಂದೆ. ಅವರು ಹೂಂ ಅಂದರು, ಹೊರಡುವಾಗ ಒಂದು ಹಿಡಿ ಹಸಿ ಕಡ್ಲೆಕಾಯಿ ಕೊಟ್ಟರು. ಇನ್ನೂ 17 ಮನೆ ಬಾಕಿ ಇತ್ತು. ಹೊರಟೆ.

ಒಂಬತ್ತು ದಿನ ಆದಮೇಲೆ ಆಶಾ ಅಕ್ಕ ಸಿಕ್ಕಿದಾಗ ಹೇಳಿದರು. ಬಲಗೈ, ಬಲಗಾಲು ಬಿದ್ದುಹೋಗಿದೆ, ಮಾತು ತೊದಲುತ್ತೆ, ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿದಾರೆ. "ಲಕ್ವಾ ಹೊಡೀತು. ಬಿಪಿ ಇದ್ದಿದ್ದು ಯಾರಿಗೂ ಗೊತ್ತೇ ಇರಲಿಲ್ಲ ಸಿಸ್ಟರ್."

ನನಗೆ ಗೊತ್ತಿತ್ತು.

3/8

ನಾನು ಆಶಾ ಅಕ್ಕನಿಗೆ ಅವತ್ತೇ ಹೇಳಿದ್ದರೆ ಲಕ್ವಾ ಆಗ್ತಾನೇ ಇರಲಿಲ್ಲ ಅಂತ ನಾನು ಹೇಳಲ್ಲ. ಅಷ್ಟು ಸುಲಭ ಇಲ್ಲ. ಆದರೆ ಒಂದು ಊರಿನಲ್ಲಿ ಒಬ್ಬರ ಬಿಪಿ 172 ಅನ್ನೋ ವಿಷಯ ಒಂಬತ್ತು ದಿನ ನನ್ನ ಬ್ಯಾಗಿನಲ್ಲಿ, ಪ್ಲಾಸ್ಟಿಕ್ ಫೋಲ್ಡರ್ ಒಳಗೆ ಇತ್ತು. ಅವರ ಮಗನಿಗೆ ಗೊತ್ತಿಲ್ಲ, ಆಶಾಗೆ ಗೊತ್ತಿಲ್ಲ, ಉಪಕೇಂದ್ರದ ಸಿಎಚ್‌ಒಗೆ ಗೊತ್ತಿಲ್ಲ. ಪರೀಕ್ಷೆಗೆ ಬರೋ ಎಕ್ಸ್‌ಟರ್ನಲ್‌ಗೋಸ್ಕರ ಜೋಪಾನವಾಗಿ ಇಟ್ಕೊಂಡಿದ್ದೆ.

ವ್ಯವಸ್ಥೆ ಇರಲಿಲ್ವಾ ಅಂದರೆ, ಇತ್ತು. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಆಗಬೇಕು ಅಂತ ಕಾರ್ಯಕ್ರಮವೇ ಇದೆ. ಆಶಾಗಳು ಮನೆಮನೆಗೆ ಹೋಗಿ ಸಿಬ್ಯಾಕ್ ಫಾರಂ ತುಂಬ್ತಾರೆ. ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವ್ಯಾಯಾಮ, ಮನೆಯಲ್ಲಿ ಯಾರಿಗಾದರೂ ಬಿಪಿ ಶುಗರ್ ಇದೆಯಾ, ಇವಕ್ಕೆಲ್ಲ ಅಂಕ. 4ಕ್ಕಿಂತ ಜಾಸ್ತಿ ಬಂದರೆ ಅವರನ್ನ ಮೊದಲು ಕಳಿಸಬೇಕು. ಸರಿಯಾಗೇ ಇದೆ. ಆದರೆ ಕೂಲಿ ಮಾಡೋ ಹೆಂಗಸು, ದಿನಾ ಮೈಮುರಿದು ದುಡಿಯೋರು, ತೆಳ್ಳಗೆ ಇರೋರು, ಈ ಅಂಕದಲ್ಲಿ ಮೇಲೆ ಬರೋದೇ ಕಷ್ಟ. "ನಮ್ಮಂಥೋರಿಗೆ ಬಿಪಿ ಬರಲ್ಲ, ಅದು ಕೂತು ಉಣ್ಣೋರ ಕಾಯಿಲೆ" ಅಂತ ಅವರೇ ಹೇಳ್ತಾರೆ. ಎಷ್ಟೋ ಸಲ ನಾವೂ ಹಾಗೇ ಅಂದ್ಕೊಳ್ತೀವಿ.

4/8

ಥಿಯರಿ ಸ್ವಲ್ಪ. ಬೋರ್ ಆಗಲ್ಲ, ಪ್ರಾಮಿಸ್. ವೈವಾದಲ್ಲೂ ಉಪಯೋಗಕ್ಕೆ ಬರುತ್ತೆ.

ಜೊನಾಥನ್ ಬ್ರಾಡ್‌ಶಾ ಅನ್ನೋರು 1972ರಲ್ಲಿ ಅಗತ್ಯ ಅನ್ನೋದರಲ್ಲಿ ನಾಲ್ಕು ಥರ ಇದೆ ಅಂದರು. ಒಂದು, ತಜ್ಞರು ಬೇಕು ಅನ್ನೋದು. ಎರಡು, ಜನಕ್ಕೆ ಬೇಕು ಅನ್ನಿಸೋದು. ಮೂರು, ಅನ್ನಿಸಿದ್ದನ್ನ ಜನ ಬಾಯಿಬಿಟ್ಟು ಕೇಳೋದು ಅಥವಾ ಎದ್ದು ಹೋಗಿ ಹುಡುಕೋದು. ನಾಲ್ಕು, ಪಕ್ಕದವರಿಗೆ ಇದ್ದು ನಮಗೆ ಇಲ್ಲದ್ದು.

ಈಗ ನಮ್ಮ ಫಾರಂ ತೆಗೆದು ನೋಡಿ. ಎಷ್ಟು ಪ್ರಶ್ನೆ ಎರಡನೇ ಥರದ್ದು? ನನ್ನ ಫಾರಂನಲ್ಲಿ ಕೊನೇ ಪುಟದ ಕೊನೇ ಸಾಲು: "ಕುಟುಂಬದವರು ಗುರುತಿಸಿದ ಸಮಸ್ಯೆಗಳು". ಅರ್ಧ ಇಂಚು ಜಾಗ. 40 ಮನೆಯಲ್ಲಿ 31 ಮನೆಗೆ ನಾನು ಅಲ್ಲಿ "ಏನೂ ಇಲ್ಲ" ಅಂತ ಬರೆದಿದೀನಿ. ನಿಜ ಹೇಳಲಾ? ಕೇಳೇ ಇರಲಿಲ್ಲ. ಕೇಳಿದ ಕಡೆ ಬಂದ ಉತ್ತರಗಳು: ನೀರು, ಮಂಡಿನೋವು, ಸಂಜೆ ಮೇಲೆ ಬಸ್ಸಿಲ್ಲ, ಮಗ ಕುಡೀತಾನೆ, ಹಾವು. ಇವೆಲ್ಲ "ಆರೋಗ್ಯದ ಸಮಸ್ಯೆ ಅಲ್ಲ" ಅಂತ ಬಿಟ್ಟುಬಿಟ್ಟೆ. ಹಾವು ಕಚ್ಚಿದಾಗ ಊರಲ್ಲಿ ಬಸ್ಸಿಲ್ಲದಿರೋದು ಆರೋಗ್ಯದ ಸಮಸ್ಯೆ ಅಲ್ಲದೆ ಇನ್ನೇನು ಸ್ವಾಮಿ?

ಆ ಅಮ್ಮನ ಕಥೆಯನ್ನೇ ಈ ನಾಲ್ಕರಲ್ಲಿ ಇಟ್ಟು ನೋಡಿ. ತಜ್ಞರ ಲೆಕ್ಕಕ್ಕೆ ಅವರಿಗೆ ಬಿಪಿ ಚಿಕಿತ್ಸೆ ಬೇಕು. ಅವರಿಗೆ ಅನ್ನಿಸ್ತಿದ್ದದ್ದು ಮೈಭಾರ, ತಲೆನೋವು. ಅವರು ಎದ್ದು ಹೋಗಿ ಹುಡುಕಿದ್ದು ಅಂಗಡಿಯ ಬಿಡಿ ಮಾತ್ರೆ. ಅಂಗಡಿ ರಾತ್ರಿ ಎಂಟರವರೆಗೂ ತೆಗೆದಿರುತ್ತೆ. ಹಾಗಾದರೆ ಆ ಊರಿಗೆ ಬೇಕಾಗಿದ್ದು ಇನ್ನೊಂದು ಬಿಪಿ ಪೋಸ್ಟರ್ ಅಲ್ಲ, ಸಂಜೆ ಆರಕ್ಕೆ ಮಾತ್ರೆ ಸಿಗೋ ಒಂದು ಜಾಗ. ಈ ಉತ್ತರ ಕೊಟ್ಟಿದ್ದು ಅಂಗಡಿ. ನಮ್ಮ ಫಾರಂನಲ್ಲಿ ಅಂಗಡಿಗೆ ಕಾಲಂ ಇಲ್ಲ.

5/8

ಇನ್ನು ನೀರಿನ ವಿಷಯ. ಇದು ನಮ್ಮ ಇಡೀ ಗುಂಪು ನಾಚ್ಕೋಬೇಕಾದ್ದು.

ಊರಿನ ಶಾಲೆಯಲ್ಲಿ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ. "ಬಾಯಿಯ ಸ್ವಚ್ಛತೆ ಕೊರತೆ" ಅಂತ ಬರೆದು, ಹಲ್ಲುಜ್ಜೋ ಪ್ರಾತ್ಯಕ್ಷಿಕೆ ಮಾಡಿದ್ವಿ. ದೊಡ್ಡ ಥರ್ಮಾಕೋಲ್ ಹಲ್ಲು, ದೊಡ್ಡ ಬ್ರಷ್. ಚಪ್ಪಾಳೆ. ಒಬ್ಬ ಐದನೇ ಕ್ಲಾಸಿನ ಹುಡುಗ ಎದ್ದು ನಿಂತು ಕೇಳಿದ: "ಅಕ್ಕಾ, ನಾನು ದಿನಾ ಉಜ್ತೀನಿ. ಹೋಗಲ್ಲ."

ಹೋಗಲ್ಲ. ಅದು ಕೊಳೆ ಅಲ್ಲ, ಫ್ಲೋರೋಸಿಸ್. ಹಲ್ಲು ಒಸಡಿನ ಒಳಗೆ ರೂಪುಗೊಳ್ಳೋ ವಯಸ್ಸಲ್ಲೇ ಫ್ಲೋರೈಡ್ ಜಾಸ್ತಿ ಇರೋ ನೀರು ಕುಡಿದದ್ದರ ಗುರುತು. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲವೇ ಇಲ್ಲ ಅಂದರೆ ಗರಿಷ್ಠ 1.5 ಅಂತ ನಮ್ಮ ದೇಶದ ಮಾನದಂಡ. ಪಾವಗಡದ ಕಡೆ ಬೋರ್‌ವೆಲ್ ಆಳಕ್ಕೆ ಹೋದಂತೆ ಫ್ಲೋರೈಡ್ ಕಾಟ ಅನ್ನೋದು ಜಿಲ್ಲೆಗೆಲ್ಲ ಗೊತ್ತಿರೋ ಮಾತು, ನಮಗೆ ಮಾತ್ರ ಗೊತ್ತಿರಲಿಲ್ಲ. ವರ್ಷಗಟ್ಟಲೆ ಅದೇ ನೀರು ಕುಡಿದರೆ ಕೀಲು ಬಿಗಿಯುತ್ತೆ, ಬೆನ್ನು ಬಾಗುತ್ತೆ. ನಾವು "ಮಂಡಿನೋವು, ವಯೋಸಹಜ" ಅಂತ ಬರೆದಿದ್ವಲ್ಲ, ಅವರಲ್ಲಿ ಎಷ್ಟೋ ಜನಕ್ಕೆ ಐವತ್ತು ಕೂಡ ತುಂಬಿರಲಿಲ್ಲ.

ಇನ್ನೂ ಒಂದು ಇದೆ. ನಮ್ಮ ಫ್ಲ್ಯಾಶ್ ಕಾರ್ಡ್ ಹೇಳ್ತಿತ್ತು: ನೀರು ಕುದಿಸಿ, ಆರಿಸಿ, ಕುಡಿಯಿರಿ. ಭೇದಿಗೆ ಅದು ಸರಿ. ಫ್ಲೋರೈಡ್ ಕುದಿಸಿದರೆ ಹೋಗಲ್ಲ. ನೀರು ಆವಿಯಾಗಿ ಹೋಗಿ ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿ ಆಗುತ್ತೆ. ಆ ಊರಿನಲ್ಲಿ ನಿಂತು ನಾವು ಆ ಕಾರ್ಡ್ ತೋರಿಸಿದ್ವಿ.

"ಫಿಲ್ಟರ್ ನೀರು ತರ್ತೀರಾ?" ಅಂದರೆ ಹೌದು ಅಂತಾರೆ. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್. ಫಾರಂನಲ್ಲಿ "ಶುದ್ಧ ಕುಡಿಯುವ ನೀರು: ಲಭ್ಯ" ಅಂತ ಟಿಕ್. ಆದರೆ ಅಡುಗೆಮನೆ ಒಳಗೆ ಕಾಲಿಟ್ಟು ನೋಡಿದರೆ, ಕ್ಯಾನ್ ನೀರು ಕುಡಿಯೋಕೆ ಮಾತ್ರ. ಸಾರು, ಮುದ್ದೆ, ಟೀ ಎಲ್ಲ ಬೋರ್ ನೀರಲ್ಲೇ. ಅಲ್ಲಿಂದಲೂ ಫ್ಲೋರೈಡ್ ಒಳಗೆ ಹೋಗುತ್ತೆ. ಇದನ್ನ ಕಂಡುಹಿಡಿದದ್ದು ನಾವಲ್ಲ. ಒಬ್ಬ ಅಜ್ಜಿ ಟೀ ಕೊಡ್ತಾ "ಇದು ಬೋರ್ ನೀರಿಂದು, ಪರವಾಗಿಲ್ವಾ ನಿಮಗೆ?" ಅಂತ ಕೇಳಿದಾಗ ನಮ್ಮ ಗುಂಪಿನ ಒಬ್ಬಳಿಗೆ ಥಟ್ ಅಂತ ಹೊಳೀತು. ಹಾಗಾಗಿ ಟೀ ಕೊಟ್ಟರೆ ಬೇಡ ಅನ್ನಬೇಡಿ. ಪ್ರಶ್ನಾವಳಿಯಲ್ಲಿ ಸಿಗದ್ದು ಅಡುಗೆಮನೆಯಲ್ಲಿ ಸಿಗುತ್ತೆ.

6/8

ಯಾವ ಮನೆಗೆ ಹೋಗ್ತೀವಿ ಅನ್ನೋದು.

ಬಸ್ ಇಳಿದ ತಕ್ಷಣ ದೇವಸ್ಥಾನದ ಬೀದಿ. ಅಲ್ಲಿಂದ ಶುರು ಮಾಡ್ತೀವಿ. ಜಗಲಿ ಇದೆ, ನೆರಳಿದೆ, ಕುರ್ಚಿ ಹಾಕ್ತಾರೆ. ಒಂದಾದ ಮೇಲೊಂದು ಮನೆ. 40 ಆಗೋ ಹೊತ್ತಿಗೆ ಊರ ಮಧ್ಯ ದಾಟಿರಲ್ಲ. ಕಾಲೊನಿ ಊರಾಚೆ. ಅಲ್ಲಿಗೆ ಹೋಗೋಷ್ಟರಲ್ಲಿ ಟಾರ್ಗೆಟ್ ಮುಗಿದಿರುತ್ತೆ, ಕಾಲೇಜ್ ಬಸ್ ಬಂದಿರುತ್ತೆ. ನಮ್ಮ ಸೀನಿಯರ್ಸ್ ಹೀಗೇ ಮಾಡಿದ್ದರು. ಅವರ ಸೀನಿಯರ್ಸೂ ಹೀಗೇ. ದೇವಸ್ಥಾನದ ಬೀದಿಯ ಒಬ್ಬ ಅಜ್ಜಿ ನನ್ನ ಕೈಯಲ್ಲಿ ಫಾರಂ ನೋಡಿದ ಕೂಡಲೇ, ನಾನು ಕೇಳೋ ಮುಂಚೆಯೇ, "ಐದು ಜನ, ಕಕ್ಕಸು ಇದೆ, ಗ್ಯಾಸ್ ಇದೆ, ಆಪರೇಷನ್ ಆಗಿದೆ, ಬರ್ಕೋ" ಅಂದರು. ನನಗೆ ನಗು ಬಂತು. ಆಮೇಲೆ ಯೋಚನೆ ಬಂತು. ಇವರನ್ನ ವರ್ಷ ವರ್ಷ ಕೇಳ್ತಾ ಇದೀವಿ. ಕಾಲೊನಿಯವರನ್ನ ಯಾರೂ ಒಂದು ಸಲವೂ ಕೇಳಿಲ್ಲ. ಆಮೇಲೆ ಫೈಲಿನಲ್ಲಿ "ಈ ಸಮುದಾಯದಲ್ಲಿ ಶೌಚಾಲಯ ಬಳಕೆ ಇಷ್ಟು ಶೇಕಡ" ಅಂತ ಬರೀತೀವಿ. ಯಾವ ಸಮುದಾಯ? ಒಂದು ಬೀದಿ ಅದು.

ಇದಕ್ಕೆ ಪರಿಹಾರ ನಮ್ಮ ಸ್ಟಾಟಿಸ್ಟಿಕ್ಸ್ ನೋಟ್ಸಲ್ಲೇ ಇದೆ. ಊರಲ್ಲಿ 240 ಮನೆ, ನಿಮಗೆ ಬೇಕಾದ್ದು 40, ಅಂದರೆ ಪ್ರತಿ ಆರನೇ ಮನೆ. 1ರಿಂದ 6ರ ಒಳಗೆ ಒಂದು ಚೀಟಿ ಎತ್ತಿ, ಅಲ್ಲಿಂದ ಶುರು. ಪಟ್ಟಿ ಆಶಾ ಹತ್ರ, ಅಂಗನವಾಡಿ ಟೀಚರ್ ಹತ್ರ ಇರುತ್ತೆ. ಕಾಲು ನೋಯುತ್ತೆ, ಒಪ್ತೀನಿ. ಆ ಪಟ್ಟಿಯಲ್ಲೂ ಇಲ್ಲದವರು ಇರ್ತಾರೆ: ಇಟ್ಟಿಗೆ ಗೂಡಿನಲ್ಲಿ ಟಾರ್ಪಾಲು ಕಟ್ಟಿಕೊಂಡಿರೋರು, ಕುರಿ ಹಿಂಡಿನ ಜತೆ ಬಂದು ಬಯಲಲ್ಲಿ ಇಳ್ಕೊಂಡಿರೋರು. ಅವರ ಮಕ್ಕಳ ಲಸಿಕೆ ಕಾರ್ಡ್ ಕೇಳಿ ನೋಡಿ.

ಹೊತ್ತೂ ಅಷ್ಟೇ ಮುಖ್ಯ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಮನೆಯಲ್ಲಿ ಇರೋದು ಯಾರು? ವಯಸ್ಸಾದವರು, ಬಾಣಂತಿಯರು, ಚಿಕ್ಕ ಮಕ್ಕಳು. ದುಡಿಯೋರು ಹೊಲದಲ್ಲಿ, ಉದ್ಯೋಗ ಖಾತರಿ ಕೆಲಸದಲ್ಲಿ. ಗಂಡಸರು ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ. ಬಾಗಿಲು ಹಾಕಿರೋ ಮನೆಗೆ ನಾವು "ಬೀಗ" ಅಂತ ಬರೆದು ಮುಂದಿನ ಮನೆಗೆ ಹೋಗ್ತೀವಿ. ದುಡಿಯೋ ಮಂದಿಯೆಲ್ಲ ನಮ್ಮ ಸಮೀಕ್ಷೆಯಲ್ಲಿ "ಬೀಗ" ಆಗಿದಾರೆ. ಒಂದೇ ಒಂದು ಸಂಜೆ ಹೋಗೋಕೆ ಅನುಮತಿ ಕೇಳಿ. ನಮಗೆ ಮೊದಲು ಇಲ್ಲ ಅಂದರು, ಆಶಾ ಅಕ್ಕ ಜತೆಗಿರ್ತಾರೆ ಅಂದ ಮೇಲೆ ಕೊಟ್ಟರು.

7/8

"ಹೆಲ್ತ್ ಎಜುಕೇಷನ್" ಬಗ್ಗೆ ಸಣ್ಣ ಸಿಟ್ಟು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5ರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಜನಕ್ಕೆ ರಕ್ತಹೀನತೆ. ಈ ಅಂಕಿ ಎಲ್ಲರ ಫೈಲಿನ ಮುನ್ನುಡಿಯಲ್ಲೂ ಇರುತ್ತೆ. ಅದನ್ನ ಹಾಕಿ, "ಹಾಲು, ಮೊಟ್ಟೆ, ಹಣ್ಣು, ಖರ್ಜೂರ ಸೇವಿಸಿ" ಅಂತ ಪಾಠ ಮಾಡಿ ಬರ್ತೀವಿ. ಬೆಳಗ್ಗೆ ಆರಕ್ಕೆ ಹಸು ಕರೆದು ಹಾಲು ಪೂರ್ತಿ ಡೇರಿಗೆ ಹಾಕಿ ಬಂದ ಹೆಂಗಸಿಗೆ ಹಾಲು ಕುಡಿಯಿರಿ ಅನ್ನೋದು! ಆಕೆಗೆ ಹಾಲಿನ ಬಗ್ಗೆ ನಮಗಿಂತ ಚೆನ್ನಾಗಿ ಗೊತ್ತು. ಡೇರಿ ಬಿಲ್ಲಿನಿಂದ ಸಂಘದ ಸಾಲದ ಕಂತು ಕಟ್ಟಬೇಕು, ಅದು ಗೊತ್ತಿಲ್ಲದಿರೋದು ನಮಗೆ.

ಬೇಲಿಯ ನುಗ್ಗೆಸೊಪ್ಪು, ಮನೆಯ ರಾಗಿ, ಹುರುಳಿ, ಕಡ್ಲೆಕಾಯಿ ಇವುಗಳಿಂದ ಮಾತು ಶುರು ಮಾಡಬಹುದಿತ್ತು. ಕಬ್ಬಿಣದ ಮಾತ್ರೆ ಯಾಕೆ ಬಿಟ್ಟಿರಿ ಅಂತ ಕೇಳಬಹುದಿತ್ತು. ಮಲ ಕಪ್ಪಗಾಗುತ್ತೆ, ಹೊಟ್ಟೆ ತೊಳಸುತ್ತೆ, ಭಯ ಆಗಿ ಬಿಟ್ಟೆ ಅಂತ ಅವರೇ ಹೇಳ್ತಾರೆ. ಕಪ್ಪಗಾಗೋದು ಸಹಜ, ಊಟ ಆದಮೇಲೆ ತಗೊಂಡರೆ ತೊಳಸೋದು ಕಮ್ಮಿ, ಟೀ ಜತೆ ಮಾತ್ರ ಬೇಡ. ಎರಡು ನಿಮಿಷದ ಮಾತು. ಕೇಳಿದ್ದರೆ ಆಗ್ತಿತ್ತು.

ಕೆಲವರು ಹೇಳ್ತಾರೆ, ಗೊತ್ತು: "ನಾವು ಸ್ಟೂಡೆಂಟ್ಸ್. ಎರಡು ವಾರಕ್ಕೆ ಹೋಗ್ತೀವಿ. ಬೋರ್‌ವೆಲ್ ಸರಿ ಮಾಡೋಕಾಗುತ್ತಾ, ಬಸ್ ಬಿಡ್ಸೋಕಾಗುತ್ತಾ?" ಆಗಲ್ಲ. ಆದರೆ ಗೊತ್ತಾದದ್ದನ್ನ ತಲುಪಿಸೋಕೆ ಆಗುತ್ತೆ. ನನ್ನ ಬೇಡಿಕೆ ಒಂದೇ: ಪೋಸ್ಟಿಂಗ್ ಮುಗಿಯೋ ದಿನ, ಯಾರನ್ನ ಯಾಕೆ ನೋಡ್ಬೇಕು ಅನ್ನೋ ಪಟ್ಟಿಯನ್ನ ಉಪಕೇಂದ್ರದ ಸಿಎಚ್‌ಒ ಕೈಗೆ ಕೊಟ್ಟು, ಸಹಿ ತಗೊಂಡು ಬಂದರೆ ಮಾತ್ರ ಫೈಲಿಗೆ ಮಾರ್ಕ್ಸ್ ಕೊಡಲಿ. ಬಿಪಿ ಜಾಸ್ತಿ ಬಂದವರದ್ದು ಕೊನೇ ದಿನದವರೆಗೂ ಕಾಯೋ ಹಾಗಿಲ್ಲ, ಅವತ್ತೇ ಫೋನ್. ಸಿಎಚ್‌ಒ ಬೇರೆ ಯಾರೂ ಅಲ್ಲ, ನಾಳೆ ನಮ್ಮಲ್ಲೇ ಕೆಲವರು ಹೋಗಿ ಕೂರೋ ಕುರ್ಚಿ ಅದು. ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ ಅನ್ನೋದು ಬಯಲುಸೀಮೆಯ ಲೆಕ್ಕ. ಅಷ್ಟು ಜನದಲ್ಲಿ 172 ಯಾರಿಗಿದೆ ಅಂತ ಯಾರಾದರೂ ಬಂದು ಹೇಳಿದರೆ ಆ ಕುರ್ಚಿಯಲ್ಲಿ ಕೂತವರು ಬೇಡ ಅಂತಾರಾ?

8/8

ಆಮೇಲೆ ನಾವೇನು ಮಾಡಿದ್ವಿ ಅಂದರೆ, ದೊಡ್ಡದೇನಲ್ಲ. ಕೊನೇ ನಾಲ್ಕು ದಿನ ಉಳಿದಿತ್ತು. ಕಾಲೊನಿಯ ಮಾರಮ್ಮನ ಗುಡಿ ಮುಂದೆ ಹೆಂಗಸರು ಸೇರಿದರು. ರಂಗೋಲಿ ಪುಡಿ ಕೊಟ್ಟು "ನಿಮ್ಮ ಊರು ಬರೀರಿ" ಅಂದ್ವಿ. ಮೊದಲು ನಾಚಿಕೆ, ಆಮೇಲೆ ಒಬ್ಬರ ಮೇಲೊಬ್ಬರು. ಟ್ಯಾಂಕು, ಫಿಲ್ಟರ್, ಸಾರಾಯಿ ಮಾರೋ ಮನೆ (ಅದು ನಮ್ಮ ಮ್ಯಾಪಲ್ಲಿ ಇರಲೇ ಇಲ್ಲ), ಯಾರ ಮನೆಯಲ್ಲಿ ಎದ್ದು ಓಡಾಡಲಾರದವರು ಇದಾರೆ, ಯಾವ ಚರಂಡಿ ಮಳೆಗೆ ಉಕ್ಕುತ್ತೆ. ಅರ್ಧ ಜನ ತೆಲುಗಲ್ಲಿ, ಅರ್ಧ ಕನ್ನಡದಲ್ಲಿ. ನನ್ನ 40 ಫಾರಂನಲ್ಲಿ ಇಲ್ಲದ್ದು ಮುಕ್ಕಾಲು ಗಂಟೆಯಲ್ಲಿ ನೆಲದ ಮೇಲೆ ಬಂತು. ಅದನ್ನ ಕಾಗದಕ್ಕೆ ಇಳಿಸಿ ಒಂದು ಪ್ರತಿ ಆಶಾ ಅಕ್ಕನಿಗೆ, ಒಂದು ಉಪಕೇಂದ್ರಕ್ಕೆ, ಒಂದು ಪಂಚಾಯ್ತಿಗೆ ಕೊಟ್ವಿ. ಪಂಚಾಯ್ತಿಯಲ್ಲಿ ತಗೊಂಡು ಬೀರುವಿನಲ್ಲಿ ಇಟ್ಟರು. ಬೀರು ತೆಗೀತಾರಾ ಇಲ್ವಾ ನೋಡ್ಬೇಕು. ನೀರಿನ ಸ್ಯಾಂಪಲ್ ಮಾತ್ರ ಪರೀಕ್ಷೆಗೆ ಹೋಗಿದೆ.

ಈಗ ಫೋಟೊ ಜಗಳ. ಸ್ಟೆತಸ್ಕೋಪ್ ಹಾಕ್ಕೊಂಡು ಅಜ್ಜಿ ಪಕ್ಕ ಕೂತು ರೀಲ್ ಮಾಡೋರೇ, ಆ ಅಜ್ಜಿಗೆ ನೀವು ಏನು ಹೇಳಿ ಫೋಟೊ ತೆಗೆದ್ರಿ? ಅವರ ಬಿಪಿ ಓದಿದ್ದು ಆಸ್ಪತ್ರೆ ವಾರ್ಡಿನಲ್ಲಾಗಿದ್ದರೆ ಹಾಕ್ತಿದ್ರಾ? ಜಗಲಿಯೂ ವಾರ್ಡೇ. ಇದನ್ನ ಓದಿ ಯಾರಿಗೋ ಕೋಪ ಬಂದಿರುತ್ತೆ, ಬರಲಿ.

23ನೇ ಮನೆಗೆ ಈಗಲೂ ಹೋಗ್ತೀನಿ, ತಿಂಗಳಿಗೊಂದು ಭಾನುವಾರ. ಪೋಸ್ಟಿಂಗ್ ಅಲ್ಲ, ಸುಮ್ಮನೆ. ಮಾತ್ರೆ ಈಗ ಆಶಾ ಅಕ್ಕ ಸಂಜೆ ತಂದುಕೊಡ್ತಾರೆ. ಬಲಗೈ ಇನ್ನೂ ಸರಿ ಎತ್ತೋಕಾಗಲ್ಲ, ಅದಕ್ಕೆ ಎಡಗೈಗೆ ಕಫ್ ಕಟ್ತೀನಿ. ಹೋದ ಸಲ 138/86. ಹೇಳಿದೆ. ಅವರು ನನ್ನ ಬ್ಯಾಗ್ ನೋಡಿ, ಮಾತು ಇನ್ನೂ ಸ್ವಲ್ಪ ತೊದಲುತ್ತೆ, ನಿಧಾನಕ್ಕೆ ಕೇಳಿದರು: "ಇವತ್ತು ಬರ್ಕೊಳ್ಳಲ್ವಾ?"

ಅವರ ಮನೆಯ ಗೋಡೆ ಕ್ಯಾಲೆಂಡರಲ್ಲಿ, ಆ ತಾರೀಖಿನ ಪಕ್ಕದಲ್ಲೇ ಬರೆದೆ.

ಫೈಲ್ ಬೇಕಾದವರು ಮೆಸೇಜ್ ಮಾಡಿ. 23ನೇ ಹಾಳೆ ತೆಗೆದು ಕಳಿಸ್ತೀನಿ. ನಿಮ್ಮ ಪೋಸ್ಟಿಂಗ್‌ನಲ್ಲಿ ನೀವು ಹೋಗದೇ ಬಿಟ್ಟ ಮನೆ ಯಾವುದು, ಕೆಳಗೆ ಬರೀರಿ. ಊರಿನ ಹೆಸರು ಬೇಡ.

#ಫೀಲ್ಡ್‌ಡೈರಿ #ಸಮುದಾಯಶುಶ್ರೂಷೆ #ನರ್ಸಿಂಗ್‌ಕನ್ನಡ